ನಿನ್ನೆ ಮಧ್ಯಾಹ್ನ ಎಲ್ಲಿ ಉಂಡಿ?

ಮುಂಬೈಯ ಕಾಂದಿವಲಿಯಲ್ಲಿರುವ ನಮ್ಮ ಕಾಲೇಜಿನ ಎರಡನೇ ಮಾಳಿಗೆಯ ಕೋಣೆಯಲ್ಲಿ ಆವತ್ತು ಶೋಕಸಭೆಗೆ ಸೇರಿದ್ದವರು ಹೆಚ್ಚೆಂದರೆ ಇಪ್ಪತ್ತು ಮಂದಿ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಅರ್ಥಶಾಸ್ತ್ರ ವಿಭಾಗದ ನಾಲ್ವರು ಅಧ್ಯಾಪಕರು. ಅವರ ಹಿಂದೆ ತೀರಿಕೊಂಡವರ ತಮ್ಮ, ತಮ್ಮನ ಹೆಂಡತಿ. ಆಮೇಲೆ ಆಫೀಸಿನವರು, ಲೈಬ್ರರಿಯಿಂದ ನಿವೃತ್ತನಾದ ನಾನು. ಬಾಗಿಲ ಹತ್ತಿರ ಭೀಮವ್ವ ಮತ್ತು ಅವಳ ಜೊತೆ ಬಂದ ಆರು ಹೆಂಗಸರು. ಮಲಾಡಿನ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವ ಮೂಲೆಯಲ್ಲಿ, ದಿನಾ ಬೆಳಿಗ್ಗೆ ಕೂಲಿಗೆ ನಿಲ್ಲುವವರು ಇವರು. ಪ್ರಿನ್ಸಿಪಾಲರು ಎರಡು ಸಲ "ಬೈಠಿಯೇ, ಬೈಠಿಯೇ" ಎಂದು ಕುರ್ಚಿ ತೋರಿಸಿದರು. ಹೆಂಗಸರು ತಲೆಯಾಡಿಸಿ ನೆಲದ ಮೇಲೇ ಕುಳಿತರು. ಸಿಮೆಂಟು ಹೊರುವ ಬುಟ್ಟಿಗಳನ್ನು ವರಾಂಡದಲ್ಲಿ ಒಂದರೊಳಗೊಂದು ಪೇರಿಸಿಟ್ಟು ಬಂದಿದ್ದರು.

ಪ್ರಿನ್ಸಿಪಾಲರು ಹೊಸಬರು. ತೀರಿಕೊಂಡ ಮೇಡಂ ಅವರನ್ನು ಕಂಡದ್ದು ಒಂದೋ ಎರಡೋ ಸಲ. ಆದರೆ ಒಳ್ಳೆಯ ಮನುಷ್ಯ, ತಯಾರಿ ಮಾಡಿಕೊಂಡೇ ಬಂದಿದ್ದರು. ಮೇಡಂ ಬರೆದ ಪುಸ್ತಕವನ್ನು ಲೈಬ್ರರಿಯಿಂದ ತರಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಅದರ ಮುನ್ನುಡಿಯನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದತೊಡಗಿದರು. "ನನ್ನ ಮೊದಲ ಸಮೀಕ್ಷೆ ನಡೆದದ್ದು ನಮ್ಮ ಗುಡಿಸಲಿನ ತಗಡಿನ ಮೇಲೆ. ಅಪ್ಪ ಕೆಲಸ ಮಾಡಿ ಬಂದ ಪ್ರತಿದಿನಕ್ಕೂ ನಾನು ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಗೆರೆ ತಪ್ಪಿದ ದಿನ ನನಗೆ ನೆನಪಿಲ್ಲ. ಕೆಲಸವಿಲ್ಲದೆ ಎಂದೂ ಮನೆಗೆ ಮರಳದ ಆ ಅಪ್ಪನಿಗೆ ಈ ಪುಸ್ತಕ."

ಅಧ್ಯಾಪಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಭೀಮವ್ವ ಕುಳಿತಲ್ಲಿಂದಲೇ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು:

"ಏನಂತಾರ್ರಿ ಅಣ್ಣಾರ?"

"ಅಪ್ಪನಿಗೆ ಒಂದು ದಿನವೂ ಕೆಲಸ ತಪ್ಪಿರಲಿಲ್ಲ ಅಂತ ಮೇಡಂ ಬರೆದಿದ್ದಾರಲ್ಲ, ಅದನ್ನು ಓದುತ್ತಾ ಇದ್ದಾರೆ."

"ಅದು ಸುಳ್ಳಂತ ಅಕ್ಕೋರೇ ಹೇಳಿದ್ರಲ್ರಿ. ಇವ್ರಿಗೆ ಗೊತ್ತಿಲ್ಲೇನು?"

ಬದುಕಿನ ಕೊನೆಯ ಆರು ವರ್ಷಗಳನ್ನು ಈ ಪುಸ್ತಕ ತಪ್ಪು ಎಂದು ಒಪ್ಪಿಸುವುದಕ್ಕೇ ಕಳೆದ ಹೆಂಗಸು ನಮ್ಮ ಮೇಡಂ. ಅವರ ಶೋಕಸಭೆಯಲ್ಲಿ ಅದೇ ಪುಸ್ತಕಕ್ಕೆ ಹೂವಿನ ಹಾರ ಹಾಕಿದ್ದರು.

ಕಾಲೇಜಿನಲ್ಲಿ ಅವರು ಮೇಡಂ. ನಾಕಾದಲ್ಲಿ ಅಕ್ಕೋರು. ಕಲಬುರಗಿ, ಯಾದಗಿರಿ ಕಡೆಯವರು ಕಲಿಸುವ ಹೆಂಗಸನ್ನು ಹಾಗೆ ಕರೆಯುತ್ತಾರೆ. ನಾನು ಉಡುಪಿ ಕಡೆಯವನು. ಗೋರೆಗಾಂವಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರ ಮಗ. ಕನ್ನಡ ಕಲಿತದ್ದು ಅಜ್ಜಿಯ ಬಾಯಿಂದ, ಮತ್ತೆ ಅಪ್ಪನ ಹೋಟೆಲಿಗೆ ಕಾಫಿಗೆಂದು ಬಂದು ಗಂಟೆಗಟ್ಟಲೆ ಕೂರುತ್ತಿದ್ದ ಹಿರಿಯರ ಬಾಯಿಂದ. ಆದರೂ ಆ ಶಬ್ದ ನನ್ನ ಬಾಯಿಗೂ ಹತ್ತಿಬಿಟ್ಟಿತು. ನನಗೂ ಅವರು ಅಕ್ಕೋರೇ.

ಮೊದಲ ಸಲ ಅವರು ಲೈಬ್ರರಿಗೆ ಬಂದಾಗ ನಾನು ಏಣಿಯ ಮೇಲೆ ನಿಂತು ಪುಸ್ತಕಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದೆ. ಕೆಳಗಿನಿಂದ ಒಂದು ದನಿ: "ಹದಿನೆಂಟು ಆತು, ಹತ್ತೊಂಬತ್ತು ಬಿಟ್ರಿ ನೋಡ್ರಿ." ಬಗ್ಗಿ ನೋಡಿದರೆ ಹತ್ತಿ ಸೀರೆಯ, ಕುಳ್ಳಗಿನ, ಹೊಸ ಅಧ್ಯಾಪಕಿ. "ಮಂದಿ ಹಿಂದ್ಯಾಗ ಮಾತಾಡ್ತಾರ, ಇಂಗ್ಲಿಷ್‌ನ್ಯಾಗ ಬೈತಾರ, ಆದ್ರ ಎಣಸೋದು ಮಾತ್ರ ಅವ್ವನ ಮಾತಿನ್ಯಾಗ" ಎಂದು ನಕ್ಕರು. ಅವತ್ತಿನಿಂದ ನಾನು ಅವರಿಗೆ ಅಣ್ಣಾರು. ಲೈಬ್ರರಿಯಲ್ಲಿ ತಿನ್ನಬಾರದೆಂದು ನಾನೇ ಬೋರ್ಡು ಬರೆದು ಹಾಕಿದ್ದೆ. ಅದರ ಕೆಳಗೇ ಕುಳಿತು ಇಪ್ಪತ್ತೆರಡು ವರ್ಷ ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದೇನೆ.

ಯಾದಗಿರಿ ಕಡೆಯ ಹಳ್ಳಿಯೊಂದರಿಂದ ಅಪ್ಪ ಅವ್ವ ಅಕ್ಕೋರನ್ನು ಸೊಂಟದ ಮೇಲೆ ಕೂರಿಸಿಕೊಂಡು ಈ ಊರಿಗೆ ಬಂದರಂತೆ. ಅಪ್ಪ ನೆಲ ಅಗೆಯುವವನು, ಅವ್ವ ಬುಟ್ಟಿ ಹೊರುವವಳು. ಮಗಳು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಎಂ.ಎ. ಮಾಡಿ, ಪಿಎಚ್‌.ಡಿ. ಮಾಡಿ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ತನಕ ಬಂದ ಕತೆಯನ್ನು ಸನ್ಮಾನ ಸಭೆಗಳಲ್ಲಿ ಬೇರೆಯವರು ಹೇಳುತ್ತಿದ್ದರು. ಅವರು ತಾವಾಗಿ ಹೇಳಿದ್ದು ಚೂರು ಚೂರು ಮಾತ್ರ.

ಒಂದು ಚೂರು ನನಗೆ ಮರೆಯುವುದಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಗೋರೆಗಾಂವಿನಲ್ಲಿ ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯ ಮನೆ ಕೊಂಡು ಪೂಜೆಗೆ ಕರೆದಿದ್ದರು. ಮನೆಯೊಡತಿ ಕೋಣೆ ಕೋಣೆ ತೋರಿಸುತ್ತಾ, "ಇದು ಬೆಡ್‌ರೂಮು, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ" ಅಂದರು. ಅಕ್ಕೋರು ಕಿಟಕಿಯ ಹತ್ತಿರ ಹೋಗಿ ನಿಂತರು. "ಹೌದ್ರಿ, ಭಾಳ ಗಾಳಿ. ಈ ಮನ್ಯಾಗ ನಾವು ಆರು ತಿಂಗಳು ಇದ್ವಿ."

"ಹೌದಾ! ಬಾಡಿಗೆಗೆ ಇದ್ರಾ ಮೇಡಂ?"

"ಇಲ್ರಿ. ಆವಾಗ ಗೋಡಿ ಇರಲಿಲ್ಲ."

ಕಟ್ಟುವವರೇ ಕಟ್ಟಡದೊಳಗೆ ಒಲೆ ಹೂಡಿಕೊಂಡು ಇರುವುದು, ಗೋಡೆ ಏಳುತ್ತಿದ್ದ ಹಾಗೆ ಮುಂದಿನ ಬಿಲ್ಡಿಂಗಿಗೆ ಹೋಗುವುದು ಈ ಊರಲ್ಲಿ ದಿನಾ ನಡೆಯುವ ಸಂಗತಿ. ಆದರೆ ಅಲ್ಲಿದ್ದ ನಾವೆಲ್ಲ ಕೈಯಲ್ಲಿದ್ದ ಶಿರಾದ ತಟ್ಟೆ ಕೆಳಗಿಟ್ಟೆವು. ಅಕ್ಕೋರು ಮಾತ್ರ ಇನ್ನೊಂದು ಸಲ ಹಾಕಿಸಿಕೊಂಡು ತಿಂದರು.

ಹೊಸ ವರ್ಷದ ಮೊದಲ ಪಾಠದಲ್ಲಿ ಪುಸ್ತಕ ತೆರೆಯುತ್ತಿರಲಿಲ್ಲ. "ಇವತ್ತು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವರು ಯಾರು? ಯಾತಕ್ಕೆ ಎದ್ದರು?" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಅರವತ್ತು ಉತ್ತರ ಬೋರ್ಡಿನ ಮೇಲೆ ಬರೆದಾದ ಮೇಲೆ, "ಅರ್ಥಶಾಸ್ತ್ರ ಇಷ್ಟೇ, ಇನ್ನು ಮೂರು ವರ್ಷ ಇದನ್ನೇ ಬೇರೆ ಬೇರೆ ಶಬ್ದದಲ್ಲಿ ಹೇಳ್ತೀನಿ" ಅನ್ನುತ್ತಿದ್ದರು. ಮಲಾಡಿನಿಂದ ಕಾಂದಿವಲಿಗೆ ಲೋಕಲಿನಲ್ಲಿ ಒಂದೇ ಸ್ಟೇಷನ್ನು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. "ಕುಂತು ಏಳೋದ್ರಾಗ ನಿಂತು ಮುಟ್ಟಿರ್ತೀನಿ" ಎನ್ನುವುದು ಅವರ ಲೆಕ್ಕ.

ನಾಕಾದಲ್ಲಿ ಮಾತ್ರ ಅವರು ಕೂರುತ್ತಿದ್ದರು, ಫುಟ್‌ಪಾತಿನ ಮೇಲೆ, ಕುಕ್ಕರಗಾಲಿನಲ್ಲಿ. ಬೆಳಿಗ್ಗೆ ಏಳೂವರೆಗೆ ಅಲ್ಲಿ ನೂರಾರು ಮಂದಿ ಬಂದು ನಿಲ್ಲುತ್ತಾರೆ. ಠೇಕೇದಾರರು ಬರುತ್ತಾರೆ, ನಾಲ್ಕು ಜನ ಗಂಡಸರು, ಎರಡು ಹೆಂಗಸರು ಎಂದು ಬೆರಳು ತೋರಿಸಿ ಕರೆದುಕೊಂಡು ಹೋಗುತ್ತಾರೆ. ಹತ್ತೂವರೆಯ ಹೊತ್ತಿಗೆ ನಾಕಾ ಖಾಲಿ. ಅಕ್ಕೋರು ಕಾಲೇಜಿಗೆ ಬರುವ ಮುಂಚೆ ಅಲ್ಲಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿ ಫಾರಂ ತುಂಬುತ್ತಿದ್ದರು, ಪೆನ್ಸಿಲಿನಲ್ಲಿ. "ಪೆನ್ನು ತಗದ್ರ ಪೊಲೀಸ್ರು ಬರಕೊಂಡಂಗ ಆಗ್ತದ ಅಣ್ಣಾರ. ಪೆನ್ಸಿಲ್ ಕಂಡ್ರ ಮಂದಿ ಅಂಜೂದಿಲ್ಲ, ಬ್ಯಾಡಂದ್ರ ಅಳಸಬೋದಲ್ಲ." ಮುಖ್ಯವಾದ ಪ್ರಶ್ನೆ ಒಂದೇ: ಹೋದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ:

"ದಿನಾ ಸಿಗ್ತದ ಬಿಡ್ರಿ ಅಕ್ಕೋರೆ. ಎಲ್ಲೋ ಒಂದೆರಡು ದಿನ ತಪ್ಪಿದ್ರ ತಪ್ತು."

ಹೀಗೆ ಹತ್ತು ವರ್ಷ ಕೇಳಿ ಬರೆದದ್ದೇ ಆ ಪುಸ್ತಕ. ವಲಸೆ ಬಂದವರನ್ನು ಕೆಲಸವಿಲ್ಲದ ದಂಡು ಎಂದು ಹೀಗಳೆಯುವವರಿಗೆ ಅದೊಂದು ಉತ್ತರವಾಗಿತ್ತು. ಇವರು ಯಾರಿಗೂ ಭಾರವಲ್ಲ, ಬಂದು ನಿಂತ ಗಂಟೆಯೊಳಗೆ ಕೆಲಸ ಹಿಡಿಯುತ್ತಾರೆ, ತಿಂಗಳಿಡೀ ದುಡಿಯುತ್ತಾರೆ. ನಮ್ಮ ಜನ ಎಂಬ ಹೆಮ್ಮೆ ಅದರ ಪುಟ ಪುಟದಲ್ಲಿತ್ತು. ಎಲ್ಲರೂ ಹೊಗಳಿದರು. ಬೇರೆ ಊರಿನ ವಿಶ್ವವಿದ್ಯಾಲಯಗಳು ಕರೆಸಿ ಮಾತಾಡಿಸಿದವು.

ಆಮೇಲೆ ನಾಕಾದ ಹೆಂಗಸರು ಮುನ್ಸಿಪಾಲಿಟಿಗೆ ಒಂದು ಅರ್ಜಿ ಹಾಕಿದರು. ಮಳೆಗೆ ನಿಲ್ಲಲು ಒಂದು ಸೂರು, ಒಂದು ನಲ್ಲಿ, ಹೆಂಗಸರಿಗೊಂದು ಪಾಯಖಾನೆ. ಬರೆದುಕೊಟ್ಟವರು ಅಕ್ಕೋರೇ. ಅದನ್ನು ನೋಡಲು ಕೂತ ಸಮಿತಿ ಅರ್ಜಿಯನ್ನು ತಿರಸ್ಕರಿಸಿತು. ಕಾರಣ ಹೇಳಲು ತೋರಿಸಿದ್ದು ಅಕ್ಕೋರ ಪುಸ್ತಕವನ್ನೇ. ಗಂಟೆಯೊಳಗೆ ಕೆಲಸಕ್ಕೆ ಹೋಗಿಬಿಡುವವರಿಗೆ ಸೂರು, ನಲ್ಲಿ ಯಾಕೆ? ಅಕ್ಕೋರಿಗೆ ಸಿಟ್ಟು ಬಂತು, ಬೇಸರವೂ ಆಯಿತು. ಆದರೆ ಪುಸ್ತಕದ ಮೇಲೆ ಅನುಮಾನ ಬರಲಿಲ್ಲ. "ನನ್ನ ಲೆಕ್ಕ ಖರೇ ಅದ. ಅವರು ಅದನ್ನ ಉಲ್ಟಾ ಓದ್ಯಾರ" ಅಂದರು.

ಅನುಮಾನ ಬಂದದ್ದು ಪರೀಕ್ಷೆಯ ರಜೆಯ ಒಂದು ಮಧ್ಯಾಹ್ನ. ಮಲಾಡಿನ ಬೈಂಡರ್ ಅಂಗಡಿಗೆ ನಾನು ಲೈಬ್ರರಿಯ ಹರಿದ ಪುಸ್ತಕ ಕೊಡಲು ಹೊರಟಿದ್ದೆ. ತಮ್ಮ ಹಳೆಯ ಫಾರಂಗಳನ್ನು ಹೊಲಿಸಬೇಕೆಂದು ಅವರೂ ಜೊತೆಗೆ ಬಂದರು. ದಾರಿಯಲ್ಲಿ ಒಂದು ಗಾರ್ಡನ್. ಹನ್ನೆರಡಕ್ಕೆ ವಾಚ್‌ಮನ್ ಗೇಟಿಗೆ ಬೀಗ ಹಾಕಿ ಉಣ್ಣಲು ಹೋದರೆ ತೆರೆಯುವುದು ನಾಲ್ಕಕ್ಕೆ. ಕಂಬಿಗಳ ಆಚೆ, ಮರದ ನೆರಳಲ್ಲಿ, ನಲವತ್ತು ಐವತ್ತು ಜನ ಕೂತಿದ್ದರು. ಕೆಲವರು ಮಲಗಿದ್ದರು. ಪಕ್ಕದಲ್ಲಿ ಬುಟ್ಟಿ, ಸಲಿಕೆ, ಕರಣೆಯ ಚೀಲ. ಕಂಬಿಯ ಹತ್ತಿರವೇ ರೊಟ್ಟಿ ಮುರಿಯುತ್ತಿದ್ದ ಹೆಂಗಸು ನಮ್ಮನ್ನು ಕಂಡಿದ್ದೇ ಸೆರಗು ಎಳೆದು ಮುಖ ಮುಚ್ಚಿಕೊಂಡಳು.

"ಭೀಮವ್ವಾ?" ಅಂದರು ಅಕ್ಕೋರು.

ಸೆರಗು ಸರಿಯಿತು. "ಅಕ್ಕೋರೆ... ಊಟಕ್ಕ ಬಂದೀವ್ರಿ. ಇಲ್ಲೇ ಬಾಜೂಕ ಕೆಲಸ ನಡದದ."

"ಗೇಟಿಗೆ ಬೀಗ ಹಾಕ್ಯಾರಲ್ಲ. ನಾಲ್ಕರ ತನಕ ಹ್ಯಾಂಗ ಹೊರಗ ಹೋಗ್ತೀರಿ?"

ಭೀಮವ್ವ ರೊಟ್ಟಿ ನೋಡಿದಳು. ಅಷ್ಟು ದೂರದಲ್ಲಿ ಗೋಡೆಗೆ ಒರಗಿದ್ದ ಮುದುಕ ಸಾಬಣ್ಣ ಕೆಮ್ಮಿ ನಕ್ಕ. ಅವನು ಅಕ್ಕೋರ ಅಪ್ಪನ ಜೊತೆ ಒಂದೇ ರೈಲಿನಲ್ಲಿ ಈ ಊರಿಗೆ ಬಂದವನು.

"ಸಾಕ್ ಮಾಡ ಭೀಮವ್ವ, ಇನ್ನೆಷ್ಟು ಮುಚ್ತಿ? ನಾಕಾದಾಗ ಕೆಲಸ ಸಿಗದಿದ್ರ ನಾವು ಇಲ್ಲೇ ಇರ್ತೀವಿ ಅಕ್ಕೋರೆ. ಸಂಜಿ ಆಗೂ ತನಕ."

"ಮನಿಗೆ ಯಾಕ ಹೋಗಂಗಿಲ್ಲ?"

"ಹ್ಯಾಂಗ ಹೋಗಬೇಕ್ರಿ?" ಭೀಮವ್ವನಿಗೆ ಈಗ ರೋಷ ಬಂದಿತ್ತು. "ಚಾಳಿನ್ಯಾಗ ಇರೋರೆಲ್ಲ ನಮ್ಮ ಊರವ್ರೇ. ಹಗಲಾಗ ಬುಟ್ಟಿ ಹಿಡಕೊಂಡು ಹೊಳ್ಳಿ ಹೋದ್ರ, ಭೀಮವ್ವಗ ಇವತ್ತ ಯಾರೂ ಕರೀಲಿಲ್ಲಂತ ನಾಳೆ ಊರಿಗೆ ಫೋನ್ ಹೋಗ್ತದ. ನನ್ನ ಮಗಳನ್ನ ಕೊಟ್ಟ ಮನ್ಯಾಗ ಏನಂತಾರ? ಇಕಿ ಅವ್ವ ಮುಂಬೈಗೆ ಹೋಗಿ ತ್ವಾಟದಾಗ ಕುಂತಾಳ ಅಂತಾರ."

"ನನಗ್ಯಾಕ ದಿನಾ ಸಿಗ್ತದ ಅಂತ ಬರಸಿದಿ?"

"ಬ್ಯಾರೇ ಯಾರರೆ ಕೇಳಿದ್ರ ಖರೇ ಹೇಳ್ತಿದ್ದೆ. ನೀವು ನಮ್ಮ ಕಡಿ ಮಗಳು. ನಿಮ್ಮೆದುರು ಮಾನ ಹ್ಯಾಂಗ ಕಳಕೊಳ್ಳೋದು?"

ನಾನು ಅಲ್ಲೇ ನಿಂತಿದ್ದೆ. ಹತ್ತು ವರ್ಷದ ಅವರ ಕೆಲಸ ಆ ಒಂದು ಮಾತಿಗೆ ಕುಸಿದುಬಿದ್ದದ್ದು ಅವರ ಮುಖದಲ್ಲಿ ಕಂಡಿತು. ಹೊರಗಿನವರ್‍ಯಾರೋ ಬಂದು ಕೇಳಿದ್ದರೆ ಸಿಗುತ್ತಿದ್ದ ಸತ್ಯ, ನಮ್ಮವಳು ಕೇಳಿದಳೆಂದು ಸಿಗದೆ ಹೋಗಿತ್ತು. ನಮ್ಮವರು ಹೇಳಿದರೆಂದು ಅವರೂ ನಂಬಿದ್ದರು. ಅವರು ನಾಕಾ ಕಂಡದ್ದು ಬೆಳಿಗ್ಗೆ, ಮನೆಗಳನ್ನು ಕಂಡದ್ದು ಸಂಜೆ. ಮಧ್ಯಾಹ್ನ ಅವರಿಗೆ ಪಾಠ ಇರುತ್ತಿತ್ತು.

ಆಗ ಸಾಬಣ್ಣ ಸಮಾಧಾನ ಮಾಡುವವನ ಹಾಗೆ ಹೇಳಿಬಿಟ್ಟ: "ಇದೇನು ಇವತ್ತಿಂದಲ್ಲ ಬಿಡ್ರಿ ಅಕ್ಕೋರೆ. ನಿಮ್ಮಪ್ಪನೂ ಇಲ್ಲೇ ಕುಂದರ್ತಿದ್ದ. ಆವಾಗ ಇದು ಗಾರ್ಡನ್ ಅಲ್ಲ, ಖುಲ್ಲಾ ಜಾಗ. ಸಂಜಿ ಮುಂದ ಕೈಕಾಲಿಗೆ ಮಣ್ಣು ಹಚ್ಕೊಂಡು ಏಳ್ತಿದ್ವಿ."

"ಬಾಯಿ ಮುಚ್ಚು ಮುದುಕ!" ಎಂದು ಭೀಮವ್ವ ಚೀರಿದಳು. ಆದರೆ ಮಾತು ಆಡಿಯಾಗಿತ್ತು.

ಅಕ್ಕೋರು, "ಯಾವ ಗಿಡದ ಕೆಳಗ?" ಎಂದು ಕೇಳಿದರು.

ಸಾಬಣ್ಣ ಮಕ್ಕಳ ಜಾರುಬಂಡಿಯ ಪಕ್ಕದ ಮರ ತೋರಿಸಿದ. ಅಕ್ಕೋರು ಎರಡೂ ಕೈಯಲ್ಲಿ ಕಂಬಿ ಹಿಡಿದು ಆ ಮರವನ್ನು ನೋಡುತ್ತಾ ನಿಂತರು. ನಾನೊಬ್ಬನೇ ಬೈಂಡರ್ ಅಂಗಡಿಗೆ ಹೋಗಿ ಬಂದೆ. ಅವರು ಅಲ್ಲೇ ಇದ್ದರು. ನಾಲ್ಕಕ್ಕೆ ಗೇಟು ತೆರೆಯುವ ತನಕ ನಿಂತು, ಒಳಗೆ ಹೋಗಿ ಆ ಮರದ ಕೆಳಗೆ ಕೂತು, ಸಂಜೆ ಎಲ್ಲರ ಜೊತೆ ಎದ್ದು ಬಂದರಂತೆ. ಮರುದಿನ ಸ್ಟೇಷನ್ನಿನಲ್ಲಿ ಸಿಕ್ಕಾಗ ಹೇಳಿದ್ದು ಒಂದೇ ಮಾತು. "ನಮ್ಮಪ್ಪ ನನ್ನ ಕೈಲೇ ಸುಳ್ಳ ಗೆರಿ ಹಾಕಿಸ್ಯಾನ್ರಿ ಅಣ್ಣಾರ. ನಾ ಗೆರಿ ಎಳಿಯೋ ಮುಂದ ಬಾಜೂಕ ನಿಂತು ನಗ್ತಿದ್ದ."

ಆ ನಗು ಎಂಥದಾಗಿತ್ತೆಂದು ನಾನು ಕೇಳಲಿಲ್ಲ.

ಪ್ರೊಫೆಸರ್ ಹುದ್ದೆಯ ಇಂಟರ್‌ವ್ಯೂಗೆ ಆಗ ಎರಡು ತಿಂಗಳಿತ್ತು. ಪುಸ್ತಕ ಇದ್ದುದರಿಂದ ಅದು ಅವರಿಗೇ ಎಂದು ಎಲ್ಲರೂ ತಿಳಿದಿದ್ದರು. ವಿಭಾಗದ ಕಿರಿಯ ಅಧ್ಯಾಪಕನೊಬ್ಬ, ಅವರ ಶಿಷ್ಯನೇ, ಲೈಬ್ರರಿಗೆ ಬಂದು ಕೈ ಮುಗಿದ. "ಮೇಡಂ, ಪ್ಲೀಸ್. ಪೆಹಲೇ ಪೋಸ್ಟ್ ಲೇ ಲೀಜಿಯೇ, ಕರೆಕ್ಷನ್ ಬಾದ್ ಮೇ." ಮೊದಲು ಹುದ್ದೆ, ತಿದ್ದುಪಡಿ ಆಮೇಲೆ. ಅಕ್ಕೋರು ಅವನ ಕೈಗೆ ರೊಟ್ಟಿಯ ಚೂರು ಕೊಟ್ಟು ಕಳಿಸಿದರು.

ಇಂಟರ್‌ವ್ಯೂನಲ್ಲಿ ಅಧ್ಯಕ್ಷರು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊಗಳಲು ಶುರು ಮಾಡಿದರಂತೆ. ಇವರು, "ಸರ್, ಆ ಪುಸ್ತಕ ತಪ್ಪು" ಅಂದರು. ವಿನಯ ಎಂದುಕೊಂಡು ಅವರು ನಕ್ಕರು. ಇವರು ಇನ್ನೊಮ್ಮೆ ಅಂದರು. ಮೂರನೇ ಸಲ ಹೇಳಿದಾಗ ಯಾರೂ ನಗಲಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು.

ಆಮೇಲಿನ ಎರಡು ವರ್ಷ ಅವರು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಬೆಳಗಿನ ಪಾಠಗಳನ್ನು ಕೇಳಿ ಹಾಕಿಸಿಕೊಂಡು ಮಧ್ಯಾಹ್ನ ಹೊರಡುತ್ತಿದ್ದರು. ಮಲಾಡ್, ಗೋರೆಗಾಂವ್, ಕಾಂದಿವಲಿಯ ಗಾರ್ಡನ್‌ಗಳು, ಫ್ಲೈಓವರಿನ ಅಡಿ, ದೇವಸ್ಥಾನಗಳ ಹಿಂಬದಿ. ರಜೆಯ ದಿನ ನಾನೂ ಫಾರಂ ಹಿಡಿದು ಹೋಗುತ್ತಿದ್ದೆ. "ನೀವು ಕೆಲಸಕ್ಕೆ ಸೇರಿದ್ದು ಲೈಬ್ರರಿಗಾ ಗಾರ್ಡನ್‌ಗಾ ಮಾರಾಯ್ರೆ?" ಎಂದು ನನ್ನ ಹೆಂಡತಿ ಕುಟುಕುತ್ತಿದ್ದಳು. ಹೇಳಿದವಳೇ ಮಜ್ಜಿಗೆಯ ಬಾಟಲಿ ಎರಡು ತುಂಬಿ ಕೊಡುತ್ತಿದ್ದಳು. "ಒಂದು ನಿಮ್ಮ ಅಕ್ಕೋರಿಗೆ. ಅವರಿಗೆ ಬಿಸಿಲು ಆಗ್ಲಿಕ್ಕಿಲ್ಲ."

ಪ್ರಶ್ನೆಯನ್ನು ಬದಲಿಸಿದ್ದರು. ಕೆಲಸ ಎಂಬ ಶಬ್ದವೇ ಅದರಲ್ಲಿರಲಿಲ್ಲ. "ನಿನ್ನೆ ಮಧ್ಯಾಹ್ನ ಎಲ್ಲಿ ಉಂಡಿ?" ಅಷ್ಟೇ. ಕೆಲಸ ಸಿಕ್ಕವರು ಕೆಲಸದ ಜಾಗದಲ್ಲಿ ಉಣ್ಣುತ್ತಾರೆ. ಸಿಗದವರು ಮರದ ಕೆಳಗೆ. ಊಟದ ಜಾಗ ಹೇಳುವುದಕ್ಕೆ ಯಾರಿಗೂ ನಾಚಿಕೆಯಿಲ್ಲ, ಅಲ್ಲಿ ನೆರಳಿತ್ತು, ನೀರಿತ್ತು ಎಂದು ಖುಷಿಯಿಂದಲೇ ಹೇಳುತ್ತಾರೆ. ಆ ಪ್ರಶ್ನೆ ಅವರ ನಾಲಗೆಗೆ ಎಷ್ಟು ಅಂಟಿಕೊಂಡಿತೆಂದರೆ ಕಾಲೇಜಿನಲ್ಲಿ ಕಂಡಕಂಡವರನ್ನೆಲ್ಲ ಕೇಳುತ್ತಿದ್ದರು. ಮಕ್ಕಳು ಡಬ್ಬಾ ಮೇಡಂ ಎಂದು ಹೆಸರಿಟ್ಟರು.

ಎರಡು ವರ್ಷದ ಕೊನೆಗೆ ಬಂದ ಕೆಲಸದ ದಿನಗಳ ಲೆಕ್ಕ ಮೊದಲಿನದರ ಅರ್ಧವೂ ಇರಲಿಲ್ಲ. ಫಾರಂಗಳನ್ನು ತಂದು ಲೈಬ್ರರಿಯ ಮೇಜಿನ ಮೇಲೆ ಹರಡಿ, ತಿದ್ದುಪಡಿ ಬರೆದು, ಪುಸ್ತಕಕ್ಕೂ ಮುಂಚೆ ಅವರ ಮೊದಲ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ಕಳಿಸಿದರು. ಸಂಪಾದಕರು ಮರ್ಯಾದೆಯಿಂದಲೇ ಉತ್ತರ ಬರೆದರು. "ಮೊದಲಿನ ಅಂಕಿಗಳು ಯಾಕೆ ತಪ್ಪಿದವು ಎಂಬುದನ್ನು ನೀವು ಸ್ಪಷ್ಟವಾಗಿ ವಿವರಿಸಿದರೆ ಪ್ರಕಟಿಸುತ್ತೇವೆ."

ನ್ಯಾಯವಾದ ಮಾತೇ. ಆದರೆ ಗಾರ್ಡನ್ನಿನಲ್ಲಿ ಭೀಮವ್ವ ಅವರಿಂದ ಮಾತು ತೆಗೆದುಕೊಂಡಿದ್ದಳು: "ಎಷ್ಟರೆ ಬರೀರಿ. ನಾವು ಸುಳ್ಳ ಹೇಳಿದ್ವಿ ಅಂತ ಮಾತ್ರ ಬರೀಬ್ಯಾಡ್ರಿ."

ಒಂದು ಇಡೀ ವಾರ ಅವರು ಪೆನ್ಸಿಲ್ ಹಿಡಿದು ಆ ಒಂದು ಪ್ಯಾರಾ ಬರೆಯುವುದು, ಅಳಿಸುವುದು. ನನಗೆ ತಡೆಯಲಾಗಲಿಲ್ಲ. "ಉತ್ತರ ಕೊಟ್ಟವರು ಮುಚ್ಚಿಟ್ಟರು ಅಂತ ಬರೆದರಾಯಿತಲ್ಲ ಅಕ್ಕೋರೆ. ಹೆಸರೇನೂ ಹಾಕುವುದಿಲ್ಲವಲ್ಲ" ಅಂದೆ.

"ಅದು ಅವರ ಮಾನ ಅಣ್ಣಾರ. ಅದನ್ನ ಕೊಟ್ಟು ನನ್ನ ಮಾನ ಬಿಡಿಸ್ಕೊಳ್ಳಲೇನು?" ಪೆನ್ಸಿಲ್ ಕೆಳಗಿಟ್ಟು ಹೇಳಿದರು, "ನಮ್ಮಪ್ಪ ಸುಳ್ಳ ಹೇಳಿದಂತ ಇಂಗ್ಲಿಷ್‌ನ್ಯಾಗ ಹ್ಯಾಂಗ ಬರೀಲಿ?"

ಕೊನೆಗೆ ಕಳಿಸಿದ್ದು ಒಂದು ಸಾಲು. "ಕೇಳಿದ ಪ್ರಶ್ನೆ ತಪ್ಪಾಗಿತ್ತು, ಕೇಳಿದವಳು ನಾನು." ಇಷ್ಟು ಸಾಲದೆಂದು ಪತ್ರಿಕೆಯವರು ಹಿಂದಕ್ಕೆ ಕಳಿಸಿದರು. ಅದು ಅಚ್ಚಾಗಲೇ ಇಲ್ಲ.

ಅದರ ಟೈಪಾದ ಪ್ರತಿಯನ್ನೇ ಹಿಡಿದುಕೊಂಡು ಅವರು ಸಮಿತಿಯ ಆಫೀಸಿಗೆ ಅಲೆದರು. ಒಂದು ಸಲ ನಾನೂ ಹೋಗಿದ್ದೆ. ಆ ಅಧಿಕಾರಿ ಕೆಟ್ಟವನೇನಲ್ಲ. ಚಹಾ ತರಿಸಿದ. ಒಂದು ಕೈಯಲ್ಲಿ ರಟ್ಟು ಹಾಕಿದ ಪುಸ್ತಕ, ಇನ್ನೊಂದರಲ್ಲಿ ಪಿನ್ನು ಹೊಡೆದ ಹಾಳೆ ಹಿಡಿದು ತೂಗಿದಂತೆ ಮಾಡಿ ಕೇಳಿದ, "ಮೇಡಂ, ದೋನೋ ಆಪ್ ಹೀ ಕಾ ಹೈ. ಕೌನ್ಸಾ ಮಾನೂಂ?" ಎರಡೂ ನಿಮ್ಮದೇ, ಯಾವುದನ್ನು ನಂಬಲಿ. ಅಕ್ಕೋರು ಹಾಳೆ ತೋರಿಸಿದರು. ಅವನು ತಲೆಯಾಡಿಸಿ ಹಾಳೆಯನ್ನು ಪುಸ್ತಕದೊಳಗೆ ಸೇರಿಸಿ ಕಪಾಟಿನಲ್ಲಿಟ್ಟ. ಕೆಳಗಿಳಿದು ಬರುವಾಗ ಅಕ್ಕೋರು ಮೆಟ್ಟಿಲ ಮೇಲೆ ಕೂತರು. ಅವರು ಹಾಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆಮೇಲೂ ಹೋಗುತ್ತಿದ್ದರು. ಪ್ರತಿ ಮಳೆಗಾಲದ ಮುಂಚೆ ಒಮ್ಮೆ. ನಾಕಾದಲ್ಲಿ ಹೆಂಗಸರು ತಲೆಯ ಮೇಲೆ ಬುಟ್ಟಿ ಕವುಚಿಕೊಂಡು ಮಳೆಯಲ್ಲಿ ನಿಲ್ಲುತ್ತಿದ್ದರು. ಇವರು ಕೊಡೆ ಇದ್ದರೂ ಬಿಚ್ಚದೆ ಅವರ ಪಕ್ಕ ನಿಲ್ಲುತ್ತಿದ್ದರು.

ಕಾಯಿಲೆ ಹೆಚ್ಚು ದಿನ ಕಾಡಲಿಲ್ಲ. ಆಸ್ಪತ್ರೆಗೆ ಕೊನೆಯ ಸಲ ನಾವು ಗಂಡ ಹೆಂಡತಿ ಹೋದಾಗ, ಅವರು ಹಾಸಿಗೆ ಸರಿಮಾಡುತ್ತಿದ್ದ ಆಯಾಳನ್ನು ಹಿಂದಿಯಲ್ಲಿ ಕೇಳುತ್ತಿದ್ದರು, ನಿನ್ನೆ ಮಧ್ಯಾಹ್ನ ಎಲ್ಲಿ ಉಂಡೆ ಎಂದು. ಆಯಾ ಮೆಟ್ಟಿಲ ಕೆಳಗೆ ಎಂದಳು. ನನ್ನ ಹೆಂಡತಿ ಅತ್ತ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು. "ಎಂಥ ಹೆಂಗಸು ಮಾರಾಯ್ರೆ, ಈಗಲೂ ಕೇಳ್ತಾರಲ್ಲ."

ಅಕ್ಕೋರು ನನ್ನ ಕಡೆ ತಿರುಗಿದರು. ದನಿ ತೀರಾ ಸಣ್ಣದಾಗಿತ್ತು. "ಮಳೆಗಾಲ ಬಂತಲ್ರಿ ಅಣ್ಣಾರ. ಈ ವರ್ಷ ಆಫೀಸಿಗೆ ಹೋಗೋದು ಆಗಲಿಲ್ಲ ನೋಡ್ರಿ."

"ಗುಣವಾದ ಮೇಲೆ ಹೋಗುವ."

"ಹೋಗಿ ಏನ್ ಮಾಡೋದದ? ನನ್ನ ಮಾತು ಈಗ ಯಾರೂ ಒಪ್ಪಂಗಿಲ್ಲ. ಒಂದು ಸಲ ತಪ್ಪು ಹೇಳಿದೋಳು ನಾನು."

ಅದಾಗಿ ನಾಲ್ಕನೇ ದಿನ ಹೋದರು.

ಶೋಕಸಭೆ ಮುಗಿದ ಮೇಲೆ ಕಾಲೇಜಿನ ಗೇಟಿನ ಹೊರಗೆ ಭೀಮವ್ವ ನನಗಾಗಿ ಕಾಯುತ್ತಿದ್ದಳು. ಬುಟ್ಟಿ ಸೊಂಟದ ಮೇಲಿತ್ತು. ಉಳಿದವರು ಮುಂದೆ ಹೋಗಿದ್ದರು.

"ಅಕ್ಕೋರು ಎರಡು ವರ್ಷ ನಮ್ಮ ಜೋಡಿ ಕುಂತು ಬರಕೊಂಡ್ರಲ್ಲ. ಅದ್ಯಾಕ ಛಾಪಾ ಆಗಲಿಲ್ರಿ ಅಣ್ಣಾರ? ಆಗಿದ್ರ ಮ್ಯಾಲಿನ ಸಾಹೇಬ್ರು ಇವತ್ತ ಹಂಗ ಓದ್ತಿರಲಿಲ್ಲಲ್ಲ."

ಹೇಳಬಾರದೆಂದುಕೊಂಡಿದ್ದೆ. ಹೇಳಿಬಿಟ್ಟೆ. "ಮೊದಲು ತಪ್ಪಿದ್ದು ಯಾಕೆ ಅಂತ ಬರೆಯಲಿ ಎಂದು ಪತ್ರಿಕೆಯವರು ಕೇಳಿದರು. ನಿನಗೆ ಮಾತು ಕೊಟ್ಟಿದ್ದರಲ್ಲ. ಅವರು ಬರೆಯಲಿಲ್ಲ."

"ಮತ್ತ ಏನಂತ ಬರದ್ರು?"

"ತಪ್ಪು ನನ್ನದು ಅಂತ."

ಭೀಮವ್ವ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಸ್ಟೇಷನ್ನಿನ ಕಡೆ ನಡೆದು ಹೋದಳು.

ಅದಾಗಿ ಎರಡು ವಾರವಾಗಿರಬಹುದು. ನನ್ನ ಮನೆ ಮಲಾಡಿನಲ್ಲೇ. ಬ್ಯಾಂಕಿನಿಂದ ಬರುವ ದಾರಿಯಲ್ಲಿ ನಾಕಾ. ಹತ್ತೂವರೆ ಕಳೆದಿತ್ತು, ಠೇಕೇದಾರರು ಬರುವ ಹೊತ್ತು ಮುಗಿದಿತ್ತು. ಉಳಿದವರು ಒಬ್ಬೊಬ್ಬರಾಗಿ ಸಲಿಕೆ ಬುಟ್ಟಿ ಎತ್ತಿಕೊಂಡು ಎಡಕ್ಕೆ, ಗಾರ್ಡನ್ನಿನ ಕಡೆ ತಿರುಗುತ್ತಿದ್ದರು. ಭೀಮವ್ವ ಬಲಕ್ಕೆ ತಿರುಗಿದಳು.

"ಏ ಭೀಮವ್ವ, ಎಲ್ಲಿಗಿ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮನಿಗಿ."

ನನ್ನ ದಾರಿಯೂ ಅದೇ. ಹತ್ತು ಹೆಜ್ಜೆ ಹಿಂದೆ ನಡೆದೆ. ಅವಳು ತಿರುಗಿ ನೋಡಲಿಲ್ಲ. ಚಾಳಿನ ಬಾಯಿಯಲ್ಲಿ ನಲ್ಲಿಗೆ ಕೊಡ ಹಿಡಿದು ಹೆಂಗಸರು ನಿಂತಿದ್ದರು. ಎಲ್ಲರೂ ಅವಳನ್ನು ನೋಡಿದರು, ಆಮೇಲೆ ಅವಳ ಕೈಯ ಬುಟ್ಟಿಯನ್ನು ನೋಡಿದರು.

"ಯಾಕ ಭೀಮವ್ವ, ಇಷ್ಟ ಲಗೂ ಬಂದಿ? ಆರಾಮ ಇಲ್ಲೇನು?"

"ಆರಾಮ ಅದೀನಿ" ಅಂದಳು ಭೀಮವ್ವ. "ಕೆಲಸ ಸಿಗಲಿಲ್ಲ."

ಬುಟ್ಟಿಯನ್ನು ಬಾಗಿಲ ಪಕ್ಕ ಕವುಚಿಟ್ಟು, ಬೀಗ ತೆಗೆದು ಒಳಗೆ ಹೋದಳು.